ಬೀಗರ ಊಟಕ್ಕೆ ಹಗುರಾದ ಪಚಡಿ

ಬೀಗರು ಬಂದರೆ ಹೋಳಿಗೆ, ತುಪ್ಪ, ಅನ್ನ ಬಡಿಸುವುದು ನಮ್ಮ ವಾಡಿಕೆ. ಆದರೆ ಸಕ್ಕರೆ ರೋಗದ ಅತಿಥಿ ತಾಟಿನ ಮುಂದೆ ಕೈಕಟ್ಟಿ ಕುಳಿತರೆ ಮನೆಯವರಿಗೂ ತುತ್ತು ಇಳಿಯದು. ಕಾರವಾರದ ಕಡೆಯವರಿಗೆ ಸಿಗಡಿ, ಮೀನು ಉಂಟು. ಜತ್ತ ತಾಲೂಕಿನ ಸೋನ್ಯಾಳಕ್ಕೆ ಕಡಲು ದೂರ; ನಮಗೆ ಹೊಲದ ಪಚಡಿಯೇ ಸರಿ.

ಐದಾರು ಮಂದಿಗೆ ಎರಡು ಸೌತಿಕಾಯಿ, ಎರಡು ಮೂಲಂಗಿ, ಒಂದು ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿರಿ. ಒಂದು ಹಿಡಿ ಎಳೆಯ ಮೆಂತೆಪಲ್ಲೆ, ಹಿಂಗಾರಿಯಲ್ಲಾದರೆ ಹಕ್ಕರಕಿಯನ್ನೂ ಸೇರಿಸಿರಿ. ಹುರಿದ ಶೇಂಗಾದ ಪುಡಿ ನಾಲ್ಕು ಚಮಚ, ಗುರೆಳ್ಳಿನ ಪುಡಿ ಎರಡು ಚಮಚ ಸಾಕು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಆದ್ದರಿಂದ ಮೀನಿಲ್ಲವೆಂದು ಕೊರಗಬೇಕಾಗಿಲ್ಲ. ಉಪ್ಪು, ಲಿಂಬೆರಸಗಳನ್ನು ಬಡಿಸುವ ಹೊತ್ತಿಗೇ ಹಾಕತಕ್ಕದ್ದು. ಮೊದಲೇ ಹಾಕಿದರೆ ಸೌತಿಕಾಯಿ ನೀರು ಬಿಟ್ಟು ರುಚಿ ಕೆಡುವುದು.

ಸಕ್ಕರೆ ರೋಗಕ್ಕೆ ಔಷಧ ತೆಗೆದುಕೊಳ್ಳುವವರು ಪಚಡಿಯೊಂದನ್ನೇ ತಿಂದು ಏಳಬಾರದು. ಜೊತೆಗೆ ಒಂದು ಜೋಳದ ರೊಟ್ಟಿಯಾದರೂ ಇರಲಿ.

ಈ ಬರದ ಸೀಮೆಯಲ್ಲಿ ಕಾಯಿಪಲ್ಲೆಗೆ ನೀರೆಲ್ಲಿಂದ ಎಂದು ಕೇಳುವಿರಿ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಚೆಲ್ಲದೆ ಹಿತ್ತಲ ಮಡಿಗೆ ಹಾಕಿರಿ. ಒಂದು ಮಡಿ ಮೆಂತೆಪಲ್ಲೆ ಅಷ್ಟರಲ್ಲೇ ಬಂದೀತು. ಬೀಗರು ಉಂಡು ನಗುತ್ತ ಎದ್ದರೆ ನಮಗೆ ಅದೇ ಹಬ್ಬ.