ಒಡಕಿನ ಕಾಲದಲ್ಲಿ ಕ್ರೈಸ್ತ ಧರ್ಮಗ್ರಂಥ: ಎಡೆದೊರೆ ನಾಡಿನ ನಿದರ್ಶನ

ಜನರು ಪರಸ್ಪರ ಶಂಕೆಯಿಂದ ಬಾಳುವ ಕಾಲಗಳಲ್ಲಿ ಧರ್ಮಗ್ರಂಥಗಳ ಪಠಣವು ಕುಂದುವುದಿಲ್ಲ. ಎಷ್ಟೋ ವೇಳೆ ಅದು ಹೆಚ್ಚುತ್ತದೆ. ಆದರೆ ಅಂಥ ಪಠಣವು ಎರಡು ಬಗೆಯದಾಗಿರುತ್ತದೆ. ಎದುರಿನವನ ದೋಷವನ್ನು ತೋರಿಸುವುದಕ್ಕಾಗಿ ವಾಕ್ಯಗಳನ್ನು ಆಯ್ದುಕೊಳ್ಳುವುದು ಒಂದು ಬಗೆ. ಓದುವವನು ತನ್ನ ನಡೆಯನ್ನೇ ಆ ವಾಕ್ಯಗಳ ಮುಂದಿಟ್ಟು ಪರೀಕ್ಷಿಸಿಕೊಳ್ಳುವುದು ಇನ್ನೊಂದು ಬಗೆ. ಕ್ರೈಸ್ತ ಧರ್ಮಗ್ರಂಥದಲ್ಲಿ ಒಡಕನ್ನು ಕುರಿತು ಬರುವ ಮುಖ್ಯ ಪ್ರಸಂಗಗಳು ಈ ಎರಡನೆಯ ಬಗೆಯ ಓದನ್ನೇ ಅಪೇಕ್ಷಿಸುತ್ತವೆಂಬುದು ನಮ್ಮ ಅಭಿಪ್ರಾಯ. ಇದನ್ನು ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು, ಮಸ್ಕಿ ಈ ಮೂರು ಸ್ಥಳಗಳ ಅನುಭವದೊಡನೆ ಹೋಲಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

1. ನಾಡಿನ ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಭೂಭಾಗಕ್ಕೆ ಹಿಂದೆ ಎಡೆದೊರೆ ನಾಡೆಂಬ ಹೆಸರಿತ್ತು. ಮುಂದೆ ಅದೇ ಅರ್ಥದ ಪಾರಸಿ ಪದದಿಂದ ರಾಯಚೂರು ದೋಆಬ್ ಎಂದು ಕರೆಯಲ್ಪಟ್ಟಿತು. ಎರಡು ಹೊಳೆಗಳ ನಡುವೆ ಇದ್ದ ಕಾರಣದಿಂದ ಇದು ಎರಡು ರಾಜ್ಯಗಳ ನಡುವೆಯೂ ಸಿಲುಕಿತು. ವಿಜಯನಗರಕ್ಕೂ ಬಹಮನಿ ಅರಸರಿಗೂ, ಆಮೇಲೆ ವಿಜಯನಗರಕ್ಕೂ ಬಿಜಾಪುರದ ಆದಿಲ್ ಶಾಹಿಗಳಿಗೂ ಈ ನೆಲಕ್ಕಾಗಿ ಪದೇ ಪದೇ ಯುದ್ಧಗಳಾದವು. 1520ರಲ್ಲಿ ರಾಯಚೂರಿನ ಕದನವೂ 1565ರಲ್ಲಿ ರಕ್ಕಸತಂಗಡಿಯ ಯುದ್ಧವೂ ನಡೆದವು. 1853ರಲ್ಲಿ ನಿಜಾಮನು ದೋಆಬನ್ನು ಇಂಗ್ಲಿಷರ ಆಡಳಿತಕ್ಕೆ ಒಪ್ಪಿಸಿದನು. 1860ರಲ್ಲಿ ಅದು ಮರಳಿ ಅವನ ಕೈಸೇರಿತು. ಹಿಂದೆ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರು 1905ರಲ್ಲಿ ಆ ಪದವಿಯನ್ನು ಕಳೆದುಕೊಂಡಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ಅರಸರು ಬದಲಾದರೂ ಊರಿನಲ್ಲಿ ನೆರೆಹೊರೆಯವರಾಗಿ ಉಳಿಯಬೇಕಾದವರು ಅದೇ ಜನರು. ಒಡಕಿನ ಪ್ರಶ್ನೆಯನ್ನು ಇಲ್ಲಿಯ ಸಾಮಾನ್ಯರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

2. ಮುದಗಲ್ಲಿನ ಕನ್ನಡ ಪ್ರಾರ್ಥನೆ

ಲಿಂಗಸುಗೂರು ತಾಲೂಕಿಗೆ ಸೇರಿದ ಮುದಗಲ್ಲು ಕೋಟೆಯ ಊರು. ಈ ಊರಿನ ಕಥೋಲಿಕ ಸಭೆಯು ಕರ್ನಾಟಕದ ಒಳನಾಡಿನ ಅತಿ ಹಳೆಯ ಕ್ರೈಸ್ತ ಸಮುದಾಯಗಳಲ್ಲೊಂದು. ಗೋವೆಯಿಂದ ಬಂದ, ಸಂತ ಫ್ರಾನ್ಸಿಸ್ ಜೇವಿಯರನ ಪರಂಪರೆಯ ಪಾದ್ರಿಗಳು ಆದಿಲ್ ಶಾಹಿಗಳ ಕಾಲದಲ್ಲಿ ಇದನ್ನು ನೆಲೆಗೊಳಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರ ಹಾಗೂ ದೋಆಬಿನ ಆಡಳಿತದಲ್ಲಿದ್ದ ಮೆಡೋಸ್ ಟೇಲರ್ ಈ ಸಭೆಯನ್ನು ಕಂಡು ತನ್ನ ಆತ್ಮಚರಿತ್ರೆಯಲ್ಲಿ ಉಲ್ಲೇಖಿಸಿದ್ದಾನೆ. ಪ್ರಾರ್ಥನೆಗಳೂ ಉಪದೇಶಗಳೂ ಇಲ್ಲಿ ಕನ್ನಡದಲ್ಲಿದ್ದವೆಂಬುದು ಅವನ ಗಮನವನ್ನು ಸೆಳೆದಿತ್ತು.

ಈ ಸಂಗತಿಯ ಮಹತ್ವವನ್ನು ಸರಿಯಾಗಿ ಗ್ರಹಿಸಬೇಕು. ಅರಸು ಮುಸಲ್ಮಾನ, ಸುತ್ತಣ ಸಮಾಜ ಬಹುಮಟ್ಟಿಗೆ ಹಿಂದು, ಪಾದ್ರಿಯು ಪರದೇಶದವನು. ಪ್ರಾರ್ಥಿಸುವ ಭಾಷೆ ಮಾತ್ರ ಊರಿನದು. ಭಕ್ತನು ದೇವರೊಡನೆ ಆಡುವ ಮಾತನ್ನು ಅವನ ನೆರೆಯವನು ಕೇಳಿ ತಿಳಿಯಬಲ್ಲವನಾಗಿದ್ದನು. ತನಗೆ ಅರ್ಥವಾಗದ ಭಾಷೆಯಲ್ಲಿ ನಡೆಯುವ ಪೂಜೆಯ ಬಗ್ಗೆ ಸಂಶಯ ಹುಟ್ಟುವುದು ಸುಲಭ. ಅರ್ಥವಾಗುವ ಪ್ರಾರ್ಥನೆಯ ಬಗ್ಗೆ ಅಷ್ಟು ಸುಲಭವಲ್ಲ. ಅದೇ ಮುದಗಲ್ಲಿನ ಮೊಹರಂ ಹಬ್ಬದಲ್ಲಿ ಹಿಂದುಗಳೂ ಮುಸಲ್ಮಾನರೂ ಕೂಡಿ ನಡೆಯುವುದು ನಾಡಿಗೆಲ್ಲ ತಿಳಿದ ವಿಷಯ. ಇಂಥ ಊರಿನಲ್ಲಿ ಚಿಕ್ಕದೊಂದು ಸಭೆಯು ಶತಮಾನಗಳ ಕಾಲ ಉಳಿದು ಬಂದಿತೆಂದರೆ, ಅದಕ್ಕೆ ಅದರ ಶ್ರದ್ಧೆಯಷ್ಟೇ ನೆರೆಯವರ ಸಹನೆಯೂ ಕಾರಣವೆಂದು ಒಪ್ಪಬೇಕಾಗುತ್ತದೆ.

ತುಂಗಭದ್ರೆಯ ಆಚೆ ದಡದ ಬಳ್ಳಾರಿಯಲ್ಲಿ ಇದೇ ಕಾರ್ಯವು ಬೇರೊಂದು ರೀತಿಯಲ್ಲಿ ಮುಂದುವರಿಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಬೈಬಲಿನ ಕನ್ನಡ ಅನುವಾದದಲ್ಲಿ ತೊಡಗಿದನು; ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಸಮಗ್ರ ಗ್ರಂಥವು ಕನ್ನಡದಲ್ಲಿ ಅಚ್ಚಾಯಿತು. ಗ್ರಂಥವು ಕನ್ನಡಕ್ಕೆ ಬಂದ ಮೇಲೆ ಅದರ ಪ್ರಶ್ನೆಗಳೂ ಕನ್ನಡದ ನೆಲಕ್ಕೆ ಬಂದವು. ಅವುಗಳಲ್ಲಿ ಎರಡನ್ನು ಮುಂದೆ ನೋಡೋಣ.

3. ಸಿಂಧನೂರಿನ ನೀರು ಮತ್ತು ಹೊಸಬರು

1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿಯತೊಡಗಿದ ತರುವಾಯ ಸಿಂಧನೂರು ಸೀಮೆಯ ಸ್ವರೂಪವೇ ಮಾರ್ಪಟ್ಟಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಯ ಹೊಲಗಳು ಎಡದಂಡೆ ಕಾಲುವೆಯ ಕೆಳಗೆ ಬತ್ತದ ಗದ್ದೆಗಳಾದವು. ನೀರಾವರಿಯ ಅನುಭವವಿದ್ದ ಆಂಧ್ರದ ರೈತರು ಬಂದು ನೆಲೆಸಿದರು. ಅವರ ವಸತಿಗಳಿಗೆ ಜನರು ಇಂದಿಗೂ ಕ್ಯಾಂಪು ಎನ್ನುತ್ತಾರೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸರ್ಕಾರವು ಈ ತಾಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳನ್ನು ಏರ್ಪಡಿಸಿತು. ಹೀಗೆ ಒಂದೇ ಕಾಲುವೆಯ ಬದಿಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿಗಳನ್ನಾಡುವವರು ಕೂಡಿಕೊಂಡರು. ಸಮೃದ್ಧಿಯು ಬಂದಿತು, ಅದರೊಡನೆ ಮನಸ್ತಾಪವೂ ಬಂದಿತು. ಹೊಲ ಮಾರಿದವನ ಮಗನು ಅದೇ ಹೊಲಕ್ಕೆ ಕೂಲಿಗೆ ಹೋಗುವ ಸಂದರ್ಭಗಳುಂಟು. ಮೇಲ್ಭಾಗದವರು ನೀರನ್ನು ಹೆಚ್ಚಾಗಿ ಎಳೆದುಕೊಂಡರೆ ಕೊನೆಯ ಭಾಗದ ಬೆಳೆ ಒಣಗುತ್ತದೆ.

ಆದಿಕಾಂಡದ 26ನೆಯ ಅಧ್ಯಾಯವನ್ನು ಈ ನೆಲದಲ್ಲಿ ಕುಳಿತು ಓದಬೇಕು. ಇಸಾಕನು ಬರಗಾಲದಲ್ಲಿ ಗೆರಾರಿಗೆ ಬಂದ ಹೊಸಬನು. ಅವನು ಬಿತ್ತಿದ್ದು ನೂರ್ಮಡಿಯಾಗಿ ಬೆಳೆಯಿತು. ಆ ನಾಡಿನವರು ಹೊಟ್ಟೆಕಿಚ್ಚುಪಟ್ಟು ಅವನ ತಂದೆಯ ಕಾಲದ ಬಾವಿಗಳನ್ನು ಮುಚ್ಚಿಬಿಟ್ಟರು. ಅವನ ಆಳುಗಳು ಹೊಸ ಬಾವಿ ತೋಡಿದರೆ ಸ್ಥಳದ ದನಗಾಹಿಗಳು ನೀರು ತಮ್ಮದೆಂದು ಜಗಳಕ್ಕೆ ನಿಂತರು. ಮೊದಲನೆಯ ಬಾವಿಗೆ ಜಗಳದ ಹೆಸರು, ಎರಡನೆಯದಕ್ಕೆ ಹಗೆತನದ ಹೆಸರು ಉಳಿಯಿತು. ಎರಡನ್ನೂ ಬಿಟ್ಟು ಮುಂದೆ ಹೋಗಿ ತೋಡಿದ ಮೂರನೆಯ ಬಾವಿಗೆ ಯಾರೂ ಜಗಳವಾಡಲಿಲ್ಲ. ಅದಕ್ಕೆ ವಿಶಾಲಸ್ಥಳವೆಂಬ ಅರ್ಥದ ಹೆಸರಾಯಿತು. ಕೊನೆಗೆ ಆ ನಾಡಿನ ಅರಸನೇ ಬರಲು, ಇಬ್ಬರೂ ಒಟ್ಟಿಗೆ ಉಂಡು ಒಡಂಬಡಿಕೆ ಮಾಡಿಕೊಂಡರು.

ಈ ಕಥೆಯನ್ನು ಹೊಸಬರು ತಮ್ಮ ಸಮರ್ಥನೆಗಾಗಿ ಓದಬಹುದು. ಮೂಲ ನಿವಾಸಿಗಳು ತಮ್ಮ ಕೋಪದ ಕಾರಣವನ್ನು ಮುಂದಿಟ್ಟು ಅದನ್ನು ತಳ್ಳಿಹಾಕಬಹುದು. ಎರಡು ಓದುಗಳೂ ಅಪೂರ್ಣ. ಬಲವಿದ್ದವನು ತನ್ನ ಹಕ್ಕಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟನೆಂಬುದು ಕಥೆಯ ತಿರುಳು; ಇಸಾಕನಿಗೆ ಬಲವಿಲ್ಲದಿರಲಿಲ್ಲ, ಅವನ ಬಲ ಹೆಚ್ಚಿತೆಂಬುದೇ ಅರಸನ ದೂರಾಗಿತ್ತು. ಆದರೆ ಕಾಲುವೆಯ ರೈತನಿಗೆ ಮುಂದೆ ಹೋಗಿ ತೋಡಲು ಮೂರನೆಯ ಬಾವಿ ಇಲ್ಲವೆಂಬುದನ್ನೂ ನಾವು ಮರೆಯಬಾರದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕಿತ್ತುಹೋದಾಗ ಮೇಲ್ಭಾಗದವರೂ ಕೊನೆಯ ಭಾಗದವರೂ ಒಂದೇ ಆತಂಕಕ್ಕೆ ಒಳಗಾದರು. ಇರುವುದು ಒಂದೇ ನೀರು. ಆದುದರಿಂದ ಇಲ್ಲಿ ವಿಶಾಲಸ್ಥಳವನ್ನು ಹಂಚಿಕೆಯ ನ್ಯಾಯದಿಂದಲೇ ಉಂಟುಮಾಡಿಕೊಳ್ಳಬೇಕಾಗಿದೆ.

ಹೊಸಬರಿಗೆ ಗ್ರಂಥವು ಇನ್ನೊಂದು ಮಾತನ್ನೂ ಹೇಳುತ್ತದೆ. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರದಲ್ಲಿ, ಮನೆ ಕಟ್ಟಿ ತೋಟ ಹಾಕಿ ಆ ಪಟ್ಟಣದ ಹಿತಕ್ಕಾಗಿಯೇ ಪ್ರಾರ್ಥಿಸಬೇಕೆಂಬ ಬೋಧೆಯಿದೆ. ತಮ್ಮನ್ನು ಸೋಲಿಸಿದವರ ಪಟ್ಟಣವದು. ಆದರೂ ಅದರ ಕ್ಷೇಮದಿಂದ ತಮ್ಮ ಕ್ಷೇಮವು ಬೇರೆಯಲ್ಲ.

4. ಪಂಕ್ತಿಯ ಪ್ರಶ್ನೆ

ನೀರಿನ ಜಗಳವು ಹೊರಗಿನದು. ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯವು ಒಳಗಿನ ಒಡಕನ್ನು ಎತ್ತಿಕೊಳ್ಳುತ್ತದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಡನೆ ಕುಳಿತು ಊಟಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೆ ಅವರಿಗೆ ಹೆದರಿ ಪಂಕ್ತಿಯಿಂದ ಹಿಂದೆಗೆದನು. ಅವನು ಸಿದ್ಧಾಂತವನ್ನೇನೂ ಬದಲಿಸಿರಲಿಲ್ಲ. ಕುಳಿತುಕೊಳ್ಳುವ ಸ್ಥಳವನ್ನಷ್ಟೇ ಬದಲಿಸಿದ್ದನು. ಅಷ್ಟಕ್ಕೇ ಪೌಲನು ಎಲ್ಲರ ಮುಂದೆ ಅವನನ್ನು ಆಕ್ಷೇಪಿಸಿದನು.

ಪಂಕ್ತಿಭೇದವನ್ನು ಬಲ್ಲ ಕನ್ನಡ ವಾಚಕರಿಗೆ ಈ ಪ್ರಸಂಗಕ್ಕೆ ವ್ಯಾಖ್ಯಾನ ಬೇಕಾಗದು. ನಮ್ಮ ದೇಶದ ಅನೇಕ ಸಭೆಗಳಲ್ಲಿ ಆಸನದಲ್ಲಿ, ಮದುವೆಯ ಸಂಬಂಧದಲ್ಲಿ, ಸ್ಮಶಾನದಲ್ಲಿ ಕೂಡ ಜಾತಿಯು ಉಳಿದುಬಂದಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ವ್ಯಾಪ್ತಿಯನ್ನು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲಾಯಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದು ನೇಮಕವಾಯಿತು. ಮತ ಬದಲಾದರೂ ಅಸ್ಪೃಶ್ಯತೆಯ ನೋವು ಬದಲಾಗಲಿಲ್ಲವೆಂಬುದು ಅವರ ಪರವಾದ ವಾದ. ಈ ವಾದವು ನ್ಯಾಯವಾದುದೆಂದೇ ನಾವು ಭಾವಿಸುತ್ತೇವೆ. ಆದರೆ ಸಭೆಯು ಇದನ್ನು ಸರ್ಕಾರದ ಮುಂದೆ ಹೂಡುವಾಗ ತನ್ನ ಪಂಕ್ತಿಯನ್ನು ಕುರಿತೂ ಸಾಕ್ಷ್ಯ ನುಡಿಯುತ್ತಿದೆ. ಪರಿಹಾರವನ್ನು ಬೇಡುವುದರೊಡನೆ ತನ್ನೊಳಗಿನ ಕಾರಣವನ್ನು ನಿವಾರಿಸುವ ಹೊಣೆಯೂ ಅದರ ಮೇಲಿದೆ.

5. ಮಸ್ಕಿಯ ಬಂಡೆ

1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಶಾಸನವೊಂದನ್ನು ಕಂಡನು. ದೇವಾನಾಂಪ್ರಿಯನೇ ಅಶೋಕನೆಂದು ವಿದ್ವಾಂಸರಿಗೆ ಅದರಿಂದ ದೃಢವಾಯಿತು. ಇತಿಹಾಸದ ವಿದ್ಯಾರ್ಥಿಗಳು ಆ ಶಾಸನವನ್ನು ಹೆಸರಿಗಾಗಿ ನೆನೆಯುತ್ತಾರೆ; ಅದರ ಬೋಧೆಯೂ ಗಮನಾರ್ಹವಾದುದು. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಅದು ಲಭ್ಯವೆಂಬುದು ಅದರ ಸಾರ. ಇದು ಬೌದ್ಧನಾದ ಅರಸನ ಮಾತು; ಇದನ್ನು ಕ್ರೈಸ್ತ ಬೋಧೆಯೆಂದು ಹೇಳುವುದು ಸಲ್ಲದು. ಆದರೆ ಈ ಸೀಮೆಯಲ್ಲಿ ಬೈಬಲನ್ನು ಓದುವವನು ಬರಿದಾದ ನೆಲದಲ್ಲಿ ನಿಂತು ಓದುತ್ತಿಲ್ಲವೆಂಬುದನ್ನು ಅದು ನೆನಪಿಸುತ್ತದೆ. ಅವನ ಊರಿಗೆ ಅದಕ್ಕೂ ಮೊದಲೇ ಒಂದು ಧರ್ಮವಾಕ್ಯವು ಬಂದಿತ್ತು.

ಮೇಲಿನ ವಿವೇಚನೆಯಿಂದ ತಿಳಿಯುವುದಿಷ್ಟು. ಬಾವಿಯ ಕಥೆಯು ಬಲವುಳ್ಳವನನ್ನೂ, ಪ್ರವಾದಿಯ ಪತ್ರವು ವಲಸೆ ಬಂದವನನ್ನೂ, ಅಂತಿಯೋಕ್ಯದ ಪ್ರಸಂಗವು ಸಭೆಯ ಹಿರಿಯನನ್ನೂ ಮೊದಲು ಪ್ರಶ್ನಿಸುತ್ತವೆ. ನೆರೆಯವನ ದೋಷಗಳ ಪಟ್ಟಿ ಇವುಗಳಲ್ಲಿ ದೊರೆಯುವುದಿಲ್ಲ. ಧರ್ಮಗ್ರಂಥವನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರು ಇಂಥ ಪ್ರಸಂಗಗಳನ್ನು ಓದಿಸಿದ ಮೇಲೆ ವಿದ್ಯಾರ್ಥಿಗಳನ್ನು ಅವರವರ ಊರಿನ ಕಾಲುವೆಯ ಕೊನೆಯವರೆಗೂ, ಕ್ಯಾಂಪಿನವರೆಗೂ, ಊಟದ ಪಂಕ್ತಿಯವರೆಗೂ ಕಳುಹಿಸಿ, ಕಂಡದ್ದನ್ನು ಬರೆದುಕೊಂಡು ಬರಲು ಹೇಳುವುದು ಉಚಿತ. ಆ ಬಳಿಕ ಅದೇ ಅಧ್ಯಾಯವನ್ನು ಇನ್ನೊಮ್ಮೆ ಓದಿಸಬೇಕು.