ತಿಳಿಯಾದ ನೀರೆಲ್ಲ ಕುಡಿಯುವ ನೀರಲ್ಲ



1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಮೊದಲಾಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿತು. ವಿ.ಸಿ. ಫಾರಂ ಎಂಬ ಹೆಸರಿನಲ್ಲಿರುವ 'ವಿ.ಸಿ.' ಈ ನಾಲೆಯದೇ. ರಾಗಿ, ಹುರುಳಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದುವು.

ಆದರೆ ಗದ್ದೆಗೆ ಒಪ್ಪುವ ನೀರೆಲ್ಲ ಕುಡಿಯಲು ಒಪ್ಪುವುದಿಲ್ಲ. ಪೈರು ಕಲಕು ನೀರನ್ನು ಕುಡಿದೂ ಬೆಳೆಯುತ್ತದೆ. ಅದೇ ನೀರನ್ನು ಮಗು ಕುಡಿದರೆ ಹಾಸಿಗೆ ಹಿಡಿಯುತ್ತದೆ. ಕಲಕು ನೀರನ್ನು ನಾವು ಕಂಡೊಡನೆ ದೂರವಿಡುತ್ತೇವೆ. ತಿಳಿಯಾಗಿದ್ದೂ ಕೆಟ್ಟಿರುವ ನೀರನ್ನು ಗುರುತಿಸುವುದು ಹೇಗೆ?

ಕಣ್ಣಿಗೆ ಕಾಣದ ಕೇಡು

1854ರಲ್ಲಿ ಲಂಡನ್ನಿನ ಒಂದು ಬಡಾವಣೆಯಲ್ಲಿ ಕಾಲರಾ ಹರಡಿ ನೂರಾರು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿದರು. ಹೆಚ್ಚಿನವು ಒಂದೇ ಪಂಪಿನ ಸುತ್ತ ಇದ್ದುವು. ಪಂಪಿನ ಹಿಡಿಯನ್ನು ತೆಗೆಸಲಾಯಿತು. ಮನುಷ್ಯರ ಹೊಲಸು ನೀರಿಗೆ ಸೇರಿದರೆ ರೋಗ ಹರಡುತ್ತದೆಂಬುದಕ್ಕೆ ಇದು ದೊಡ್ಡ ಸಾಕ್ಷಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿಯೂ ಜಗತ್ತಿನಲ್ಲಿ ಕನಿಷ್ಠ 170 ಕೋಟಿ ಜನ ಇಂಥ ಹೊಲಸು ಸೇರಿದ ನೀರನ್ನೇ ಬಳಸುತ್ತಿದ್ದರು.

ಎರಡನೆಯ ಕೇಡು ನೈಟ್ರೇಟ್. ಅಳತೆ ಮೀರಿ ಹಾಕಿದ ಯೂರಿಯಾ, ತಿಪ್ಪೆಯ ರಸ, ಕಕ್ಕಸು ಗುಂಡಿಯ ಸೋರಿಕೆ ಇವು ನೀರಿನೊಡನೆ ನೆಲಕ್ಕಿಳಿದು ಬಾವಿಗೂ ಬೋರ್‌ವೆಲ್ಲಿಗೂ ಸೇರುತ್ತವೆ. ನೀರಾವರಿ ಸೀಮೆಯವರಾದ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು. ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಕೂಡದು. ಹೆಚ್ಚಿದ್ದರೆ ಆರು ತಿಂಗಳೊಳಗಿನ ಕೂಸುಗಳಿಗೆ ಅಪಾಯ. ರಕ್ತಕ್ಕೆ ಪ್ರಾಣವಾಯುವನ್ನು ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಮೂರನೆಯದು ಫ್ಲೋರೈಡ್. ಇದು ಕಲ್ಲಿನಿಂದಲೇ ಆಳದ ನೀರಿಗೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಮೀರಿದರೆ ಹಲ್ಲು ಕಂದುಗಟ್ಟುತ್ತದೆ, ವರ್ಷಗಳ ಮೇಲೆ ಮೂಳೆ ಬಿಗಿಯುತ್ತದೆ.

ತೊರೆಕಾಡನಹಳ್ಳಿಯ ಪಾಠ

ಬೆಂಗಳೂರಿಗೆ 1974ರಿಂದ ಕಾವೇರಿ ನೀರು ಹೋಗುತ್ತಿರುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್ ದೂರಕ್ಕೆ ಅದನ್ನು ಎತ್ತಿ ಸಾಗಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಅದರ ಐದನೆಯ ಹಂತವೂ ಆರಂಭವಾಯಿತು. ಅಲ್ಲಿ ನಡೆಯುವ ಮುಖ್ಯ ಕೆಲಸ ಮೂರು: ಪಟಿಕದಿಂದ ಮಣ್ಣನ್ನು ಕೂಡಿಸಿ ತಳಕ್ಕಿಳಿಸುವುದು, ಮರಳಿನಲ್ಲಿ ಸೋಸುವುದು, ಕ್ಲೋರಿನ್ ಬೆರೆಸಿ ರೋಗಾಣು ಕೊಲ್ಲುವುದು. ನಮ್ಮ ನಾಲೆಯಲ್ಲಿ ಹರಿಯುವುದೂ ಕಾವೇರಿಯೇ. ಆದರೆ ಅದಕ್ಕೆ ಈ ಮೂರೂ ಆಗಿರುವುದಿಲ್ಲ. ಆದುದರಿಂದ ಅದನ್ನು ಹಾಗೆಯೇ ಕುಡಿಯಬಾರದು.

ಬ್ಲೀಚಿಂಗ್ ಪುಡಿಯ ಲೆಕ್ಕ

ಊರ ಬಾವಿಗೂ ಟ್ಯಾಂಕಿಗೂ ಕ್ಲೋರಿನ್ ಕೊಡುವುದು ಕಷ್ಟವಲ್ಲ. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ 2.5 ಗ್ರಾಂ ಸಾಕು. 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ದುಂಡು ಬಾವಿಯಾದರೆ ಅಗಲವನ್ನು ಅಗಲದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದುದನ್ನು 785ರಿಂದ ಗುಣಿಸಿರಿ. ಅಳತೆ ಮೀಟರಿನಲ್ಲಿದ್ದರೆ ಲೀಟರು ಸಿಗುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರಿನ ಬಾವಿಯಲ್ಲಿ ಸುಮಾರು 28,000 ಲೀಟರ್ ನೀರು. ಅದಕ್ಕೆ 70 ಗ್ರಾಂ ಪುಡಿ.

ಪುಡಿಯನ್ನು ನೇರವಾಗಿ ಸುರಿಯಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ಒಂದು ಗಂಟೆ ಕಾಲ ಯಾರೂ ಸೇದದಂತೆ ನೋಡಿಕೊಳ್ಳಿ. ತೆರೆದಿಟ್ಟ ಹಳೆಯ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ನೆನಪಿಡಿ, ಕ್ಲೋರಿನ್ ರೋಗಾಣುವನ್ನು ಕೊಲ್ಲುತ್ತದೆ. ನೈಟ್ರೇಟನ್ನಾಗಲಿ ಫ್ಲೋರೈಡನ್ನಾಗಲಿ ತೆಗೆಯುವುದಿಲ್ಲ. ಅವು ಮೀರಿದ್ದರೆ ಬೇರೆ ಮೂಲದ ನೀರು ಬೇಕು, ಇಲ್ಲವೆ ಆರ್.ಓ. ಘಟಕದ ನೀರು ಬೇಕು.

ನಾವು ಮಾಡಬೇಕಾದುದು

1. ತಿಪ್ಪೆ, ಕಕ್ಕಸು ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ.

2. ಯೂರಿಯಾವನ್ನು ಒಮ್ಮೆಗೇ ಸುರಿಯದೆ ಪೈರಿನ ಹಂತ ನೋಡಿ ಕಂತಿನಲ್ಲಿ ಕೊಡಿ. ಕಾಸೂ ಉಳಿಯುತ್ತದೆ, ಬಾವಿಯೂ ಉಳಿಯುತ್ತದೆ.

3. ಚರಂಡಿಯೊಳಗೆ ಹಾದು ಹೋದ ಪೈಪು ಒಡೆದಿದ್ದರೆ ಕೂಡಲೆ ನೀರುಗಂಟಿಗೆ ತಿಳಿಸಿ. ನೀರು ನಿಂತಾಗ ಖಾಲಿ ಪೈಪು ಆ ಬಿರುಕಿನಿಂದ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಅದು ನಮ್ಮ ಕೊಡಕ್ಕೇ ಬರುತ್ತದೆ.

4. ಮನೆಯಲ್ಲಿ ಕುಡಿಯುವ ನೀರನ್ನು ಮುಚ್ಚಿಡಿ. ಕೈ ಅದ್ದದೆ ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಬೇಧಿ ಹರಡಿದ ಕಾಲದಲ್ಲಿ ಕುದಿಸಿ ಆರಿಸಿ ಕುಡಿಯಿರಿ.

2019ರ ಆಗಸ್ಟ್ 15ರಂದು ಸಾರಿದ ಜಲ ಜೀವನ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಎಂಬ ಗುರಿಯಿಟ್ಟಿತು. ನೀರಿನ ಮೂಲವನ್ನು ವರ್ಷಕ್ಕೊಮ್ಮೆ ರಾಸಾಯನಿಕಗಳಿಗಾಗಿ, ಎರಡು ಸಲ ರೋಗಾಣುಗಳಿಗಾಗಿ ಪರೀಕ್ಷಿಸಬೇಕೆಂದೂ ಹೇಳಿತು. ನಲ್ಲಿ ಬಂತೆಂದು ನಾವು ಸುಮ್ಮನಾಗಬಾರದು. ಬರುವ ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳಿ: "ನಮ್ಮೂರ ನೀರಿನ ಪರೀಕ್ಷೆ ಯಾವಾಗ ಆಯಿತು? ವರದಿಯಲ್ಲಿ ಏನಿದೆ?" ಆ ವರದಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸುವಂತೆಯೂ ಕೇಳಿ. ಬಿತ್ತನೆ ಬೀಜವನ್ನು ಮೊಳಕೆ ನೋಡದೆ ಬಿತ್ತದ ನಾವು, ಮಕ್ಕಳು ಕುಡಿಯುವ ನೀರನ್ನು ಪರೀಕ್ಷೆಯಿಲ್ಲದೆ ಕೊಡಬಹುದೇ?