ಚೀಟಿಯ ಅಡಿಯಲ್ಲಿ ಹೆಸರು ಬರೆದವರು

ಮನೆ ಸಾಲಕ್ಕೆ ಅರ್ಜಿ ಹಾಕಿ ಕಾದವರಿಗೆ, ಐಪಿಒ ಸುದ್ದಿಗಳನ್ನು ಓದುವವರಿಗೆ ‘ಅಂಡರ್‌ರೈಟಿಂಗ್’ ಎಂಬ ಮಾತು ಹೊಸದಲ್ಲ. ‘ನಿಮ್ಮ ಫೈಲು ಅಂಡರ್‌ರೈಟಿಂಗ್‌ನಲ್ಲಿದೆ ಸರ್’ ಎಂದರೆ ‘ಇನ್ನೂ ಮಂಜೂರಾಗಿಲ್ಲ’ ಎಂದು ಅರ್ಥ ಮಾಡಿಕೊಂಡು ಜನ ಸುಮ್ಮನಾಗುತ್ತಾರೆ. ಆದರೆ ಪದವನ್ನು ಬಿಡಿಸಿದರೆ ಸಿಗುವುದು ‘ಕೆಳಗೆ ಬರೆಯುವುದು’. ಯಾರು, ಏನನ್ನು, ಯಾವುದರ ಕೆಳಗೆ ಬರೆಯುತ್ತಿದ್ದರು?

ಬರೆಯುತ್ತಿದ್ದುದು ತಮ್ಮ ಹೆಸರನ್ನು. ಹಡಗಿನ ವಿಮಾ ಪತ್ರದ ಅಡಿಯಲ್ಲಿ.

ಸಮುದ್ರ ವಿಮೆ ಮೊದಲು ಬೇರೂರಿದ್ದು ಇಟಲಿಯ ಬಂದರುಗಳಲ್ಲಿ. ಜಿನೋವಾದಿಂದ ಮಯೋರ್ಕಾಗೆ ಹೊರಟ ‘ಸಾಂತಾ ಕ್ಲಾರಾ’ ಎಂಬ ಹಡಗಿಗಾಗಿ 1347ರಲ್ಲಿ ಬರೆದ ಕರಾರು ಇಂದಿಗೂ ಉಳಿದಿದೆ. ಹೊರನೋಟಕ್ಕೆ ಅದೊಂದು ಬಡ್ಡಿಯಿಲ್ಲದ ಸಾಲಪತ್ರ, ಒಳಗಿನ ವ್ಯವಹಾರ ಮಾತ್ರ ವಿಮೆಯದು. ಇಟಲಿಯ ವ್ಯಾಪಾರಿಗಳ ಜೊತೆ ಈ ಪದ್ಧತಿ ಲಂಡನ್ನಿಗೂ ಬಂತು. ಅಲ್ಲಿ ವಿಮಾ ಕಂಪನಿಗಳು ಇನ್ನೂ ಹುಟ್ಟಿರಲಿಲ್ಲ. ಒಂದು ಹಡಗಿನ ನಷ್ಟವನ್ನು ಒಬ್ಬನೇ ಹೊತ್ತರೆ ಅವನೇ ಮುಳುಗುವುದು ಖಾತ್ರಿ. ಹಾಗಾಗಿ ಹತ್ತಾರು ಸಾಹುಕಾರರು ಒಂದೇ ಕಾಗದದ ಕೆಳಗೆ ಹೆಸರು ಹಾಕಿ ನಷ್ಟವನ್ನು ಹಂಚಿಕೊಳ್ಳುತ್ತಿದ್ದರು. 1601ರಲ್ಲಿ ಇಂಗ್ಲೆಂಡಿನ ಸಂಸತ್ತು ವಿಮೆಯ ಬಗ್ಗೆ ಮಾಡಿದ ಕಾನೂನಿನ ಪೀಠಿಕೆಯೂ ಈ ಹಂಚಿಕೆಯ ಲಾಭವನ್ನೇ ವಿವರಿಸುತ್ತದೆ.

ಈ ವ್ಯವಹಾರಕ್ಕೆ ಒಂದು ಮನೆ ಸಿಕ್ಕಿದ್ದು ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ. ಲಂಡನ್ನಿನ ಟವರ್ ಸ್ಟ್ರೀಟಿನಲ್ಲಿದ್ದ ಆ ಅಂಗಡಿಯ ಹೆಸರು ಪತ್ರಿಕೆಯಲ್ಲಿ ಮೊದಲು ಬಂದದ್ದು ವಿಮೆಯ ಕಾರಣಕ್ಕಲ್ಲ. ಕಳುವಾದ ಗಡಿಯಾರಗಳ ಸುಳಿವು ಕೊಟ್ಟವರಿಗೆ ಬಹುಮಾನ ಎಂಬ ಜಾಹೀರಾತಿನಲ್ಲಿ! 1691ರಲ್ಲಿ ಅಂಗಡಿ ಲೊಂಬಾರ್ಡ್ ಸ್ಟ್ರೀಟಿಗೆ ಬಂತು. ನಾವಿಕರು, ಹಡಗಿನ ಯಜಮಾನರು, ದಲ್ಲಾಳಿಗಳು ಅಲ್ಲಿ ಸೇರುತ್ತಿದ್ದರು. ಯಾವ ಹಡಗು ಎಲ್ಲಿದೆ ಎಂಬ ಸುದ್ದಿ ಕಾಫಿಯ ಜೊತೆಗೇ ಸಿಗುತ್ತಿತ್ತು. ಲಾಯ್ಡ್ ಮಾತ್ರ ಕಾಫಿ ಮಾರಿಕೊಂಡು, ಸುದ್ದಿ ಒದಗಿಸಿಕೊಂಡು ಇದ್ದ. 1713ರಲ್ಲಿ ತೀರಿಕೊಂಡ ಅವನ ಹೆಸರನ್ನು ಇಂದು ಜಗತ್ತಿನ ದೊಡ್ಡ ವಿಮಾ ಮಾರುಕಟ್ಟೆಯೊಂದು ಹೊತ್ತಿದೆ: ‘ಲಾಯ್ಡ್ಸ್’. ಅಲ್ಲಿನ ಕೆಂಪು ಕೋಟಿನ ಸಿಬ್ಬಂದಿಯನ್ನು ಈಗಲೂ ‘ವೇಟರ್’ ಎಂದೇ ಕರೆಯುತ್ತಾರೆ.

ದಲ್ಲಾಳಿಯ ಕೈಯಲ್ಲಿ ಒಂದು ಚೀಟಿ ಇರುತ್ತಿತ್ತು. ಹಡಗು, ಸರಕು, ಎಲ್ಲಿಂದ ಎಲ್ಲಿಗೆ ಪಯಣ, ಎಷ್ಟು ಮೊತ್ತ ಎಂಬ ವಿವರವೆಲ್ಲ ಅದರಲ್ಲಿ. ಮೊದಲು ಅವನು ಹೋಗುತ್ತಿದ್ದುದು ಮಾರುಕಟ್ಟೆಯಲ್ಲಿ ಹೆಸರಿದ್ದ ಅನುಭವಿಯ ಬಳಿಗೆ. ಆತ ದರ ಕಟ್ಟಿ, ತಾನು ಹೊರುವ ಪಾಲನ್ನು ಬರೆದು ಸಹಿ ಹಾಕಿದನೆಂದರೆ ಅರ್ಧ ಕೆಲಸ ಆದಂತೆ. ಆ ಸಹಿಯನ್ನು ನೋಡಿಯೇ ಉಳಿದವರು ಅದರ ಕೆಳಗೆ ತಮ್ಮ ಹೆಸರು, ಅದರ ಪಕ್ಕ ಪೌಂಡಿನ ಲೆಕ್ಕ ಬರೆಯುತ್ತಿದ್ದರು. ಮೊತ್ತ ಭರ್ತಿಯಾಗುವವರೆಗೂ ಚೀಟಿ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ಒಬ್ಬೊಬ್ಬನ ಸಹಿಯೂ ಒಂದು ಪ್ರತ್ಯೇಕ ಕರಾರು. ಪಕ್ಕದವನು ದಿವಾಳಿಯಾದರೆ ಅವನ ಪಾಲು ಇವನ ತಲೆಗೆ ಬರುವುದಿಲ್ಲ. ಬ್ರಿಟನ್ನಿನ 1906ರ ಸಮುದ್ರ ವಿಮಾ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದೇ ಅಚ್ಚಿನಲ್ಲಿ ಎರಕ ಹೊಯ್ದ ನಮ್ಮ 1963ರ ಕಾಯ್ದೆಯದೂ ಇದೇ ನಿಲುವು.

ಟೈಟಾನಿಕ್ ಹಡಗಿನ ಚೀಟಿ ಹೀಗೆ ತಿರುಗಿದ್ದು 1912ರ ಜನವರಿಯಲ್ಲಿ. ಮೊತ್ತ 10 ಲಕ್ಷ ಪೌಂಡ್, ಪ್ರೀಮಿಯಂ ಬರೀ 7,500. ಮುಳುಗದ ಹಡಗೆಂಬ ನಂಬಿಕೆಯಲ್ಲಿ ಸಹಿಗೆ ಬರ ಬರಲಿಲ್ಲ. ಏಪ್ರಿಲ್‌ನಲ್ಲಿ ಹಡಗು ಮುಳುಗಿತು, 30 ದಿನಗಳ ಒಳಗೆ ಹಣ ಪಾವತಿಯಾಯಿತು.

ಹೀಗೆ ಹಣ ಕೊಟ್ಟ ಕಥೆಯನ್ನು ವಿಮೆಯ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದೇ ಬಗೆಯ ಕಾಗದದ ಅಡಿಯಲ್ಲಿ ಗುಲಾಮರ ಹಡಗುಗಳಿಗೂ ಸಹಿ ಬಿದ್ದಿತ್ತು ಎಂಬುದನ್ನು ಬಹುಕಾಲ ಹೇಳಲಿಲ್ಲ. 1781ರಲ್ಲಿ ‘ಜಾಂಗ್’ ಎಂಬ ಹಡಗಿನಿಂದ 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತ ಕಡಲಿಗೆ ಎಸೆಯಲಾಯಿತು. ಲಿವರ್‌ಪೂಲ್‌ನ ಮಾಲೀಕರು ತಲೆಗೆ 30 ಪೌಂಡಿನಂತೆ ‘ಸರಕಿನ ನಷ್ಟ’ ಕೇಳಿ ಕೋರ್ಟಿಗೆ ಹೋದರು. ವಿಮೆ ಬರೆದವರು ಕೊಡಲು ಒಪ್ಪಲಿಲ್ಲ. ಗುಲಾಮರ ವ್ಯಾಪಾರದಲ್ಲಿ ತನ್ನ ಪಾತ್ರಕ್ಕೆ ಲಾಯ್ಡ್ಸ್ ಕ್ಷಮೆ ಕೇಳಿದ್ದು 2020ರಲ್ಲಿ.

ಕೆಳಗೆ ಹೆಸರು ಬರೆದವನ ಹೊಣೆಗೆ ಲಾಯ್ಡ್ಸ್‌ನಲ್ಲಿ ಮಿತಿಯಿರಲಿಲ್ಲ. ತನ್ನ ಪಾಲಿನ ನಷ್ಟ ತೀರಿಸಲು ಮನೆ, ಜಮೀನು, ಕೊನೆಗೆ ಅಂಗಿಯ ಗುಂಡಿಯನ್ನೂ ಕೊಡಬೇಕು ಎಂಬುದು ಅಲ್ಲಿನ ರೂಢಿಯ ಮಾತು. ಅದು ಬರಿಯ ಮಾತಲ್ಲ ಎಂದು ಗೊತ್ತಾದದ್ದು 1988ರಿಂದ 1992ರ ನಡುವೆ. ಅಮೆರಿಕದ ಕಲ್ನಾರು ಪರಿಹಾರದ ದಾವೆಗಳು ಮತ್ತು ಸಾಲು ಸಾಲು ಅವಘಡಗಳಿಂದ ನೂರಾರು ಕೋಟಿ ಪೌಂಡ್ ನಷ್ಟವಾಗಿ, ಸಾವಿರಾರು ಸದಸ್ಯರು ಬೀದಿಗೆ ಬಿದ್ದರು. 1994ರಲ್ಲಿ ಸೀಮಿತ ಹೊಣೆಯ ಕಂಪನಿಗಳಿಗೂ ಬಾಗಿಲು ತೆರೆಯಿತು. ಈಗ ಅಲ್ಲಿನ ಬಂಡವಾಳದ ಬಹುಪಾಲು ಅಂಥವರದೇ.

ಪದ ಮಾತ್ರ ಅಷ್ಟರಲ್ಲಿ ಊರೂರು ಸುತ್ತಿತ್ತು. ಬ್ಯಾಂಕಿನಲ್ಲಿ ನಮ್ಮ ಸಂಬಳದ ಚೀಟಿ, ಸಿಬಿಲ್ ಅಂಕ ನೋಡಿ ಹೂಂ ಅಥವಾ ಊಹೂಂ ಅನ್ನುವ ನೌಕರನೂ ಈಗ ಅಂಡರ್‌ರೈಟರ್. ಸಾಲ ಮುಳುಗಿದರೆ ಅವನ ಜೇಬಿನಿಂದ ಬಿಡಿಗಾಸೂ ಹೋಗುವುದಿಲ್ಲ. ಹಳೆಯ ಕಾಫಿ ಅಂಗಡಿಯವರು ಕೇಳಿದ್ದರೆ ನಗುತ್ತಿದ್ದರು.

ಹಳೆಯ ಅರ್ಥಕ್ಕೆ ಹತ್ತಿರವಾಗಿ ಉಳಿದಿರುವುದು ಷೇರು ಪೇಟೆ. ಜನ ಕೊಳ್ಳದೆ ಉಳಿದ ಷೇರುಗಳನ್ನು ತಾನೇ ಕೊಳ್ಳುತ್ತೇನೆ ಎಂದು ಸಹಿ ಹಾಕುವವನು ಅಲ್ಲಿನ ಅಂಡರ್‌ರೈಟರ್. ಅಲ್ಲೂ ಒಂದು ಸೂಕ್ಷ್ಮವಿದೆ. ನಮ್ಮ ದೊಡ್ಡ ಐಪಿಒಗಳಲ್ಲಿ ಈ ಕರಾರಿಗೆ ಸಹಿ ಬೀಳುವುದು ಸಾಮಾನ್ಯವಾಗಿ ಬಿಡ್‌ಗಳು ಬಂದು, ಬೆಲೆ ನಿಗದಿಯಾದ ಮೇಲೆ. ಹಡಗು ದಡ ಕಂಡ ಮೇಲೆ ಬರೆದ ವಿಮೆಗೆ ಎಷ್ಟು ಬೆಲೆ? ಸಣ್ಣ ಕಂಪನಿಗಳ ಎಸ್‌ಎಂಇ ಐಪಿಒಗಳಿಗೆ ಸೆಬಿ ನಿಯಮ ಬಿಗಿಯಾಗಿದೆ: ಇಡೀ ವಿತರಣೆಗೆ ಅಂಡರ್‌ರೈಟಿಂಗ್ ಇರಲೇಬೇಕು, ಅದರಲ್ಲಿ ಕನಿಷ್ಠ ಶೇ 15ರಷ್ಟನ್ನು ವಿತರಣೆ ನಡೆಸಿಕೊಡುವ ಮರ್ಚೆಂಟ್ ಬ್ಯಾಂಕರ್ ಸ್ವಂತ ಲೆಕ್ಕದಲ್ಲೇ ಹೊರಬೇಕು. ಅಂಥ ಷೇರಿಗೆ ಅರ್ಜಿ ಹಾಕುವ ಮುನ್ನ ಪ್ರಾಸ್ಪೆಕ್ಟಸ್‌ನಲ್ಲಿ ಅಂಡರ್‌ರೈಟಿಂಗ್ ವಿವರವಿರುವ ಪುಟವನ್ನು ಹುಡುಕಿ, ಯಾರ ಹೆಸರಿನ ಮುಂದೆ ಎಷ್ಟು ಮೊತ್ತ ಇದೆ ಎಂದು ನೋಡಿಕೊಳ್ಳಿ.